ಕೃತಜ್ಞತೆ ಹೇಳುವ ಸಾಕ್ಷಿ

1939ರ ಜುಲೈ 4ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ನೆರೆದಿದ್ದ 60 ಸಾವಿರಕ್ಕೂ ಮಿಕ್ಕ ಜನರೆದುರು ಬೇಸ್‌ಬಾಲ್ ಆಟಗಾರ ಲೂ ಗೆರಿಗ್, ತಾನು ಈ ಭೂಮಿಯ ಮೇಲಿನ ಅತ್ಯಂತ ಅದೃಷ್ಟವಂತನೆಂದು ಹೇಳಿಕೊಂಡ. ಆಗ ಅವನಿಗೆ 36 ವರ್ಷ. ಸ್ನಾಯುಗಳ ಶಕ್ತಿಯನ್ನು ಕ್ರಮೇಣ ಕಸಿದುಕೊಳ್ಳುವ, ಮದ್ದಿಲ್ಲದ ಎಎಲ್‌ಎಸ್ ಕಾಯಿಲೆ ಅವನಿಗಿದೆಯೆಂದು ಮೇಯೋ ಕ್ಲಿನಿಕ್ಕಿನ ವೈದ್ಯರು ಎರಡು ವಾರಗಳ ಹಿಂದಷ್ಟೇ ತಿಳಿಸಿದ್ದರು. 1925ರಿಂದ ಒಂದನ್ನೂ ತಪ್ಪಿಸದೆ 2,130 ಪಂದ್ಯಗಳನ್ನಾಡಿದವನು ಇನ್ನೆಂದೂ ಆಡುವಂತಿರಲಿಲ್ಲ. ಅವನ ಮಾತನ್ನು ಎದೆಗಾರಿಕೆಯ ಮಾತೆಂದು ಜನ ಇಂದಿಗೂ ಮೆಚ್ಚುತ್ತಾರೆ. ಎದೆಗಾರಿಕೆ ಇದ್ದದ್ದು ನಿಜ. ಆದರೆ ಆ ಮಾತಿನ ನಿಜವಾದ ಬೆಲೆ ಇರುವುದು ಅದರ ಸತ್ಯದಲ್ಲಿ ಎಂಬುದು ನನ್ನ ವಾದ. ಕೃತಜ್ಞತೆ ಸೌಜನ್ಯಕ್ಕಿಂತ ಮೊದಲು ಒಂದು ಸಾಕ್ಷ್ಯ. ನಮ್ಮ ಸಾಧನೆ ಯಾರ ಯಾರ ದುಡಿಮೆಯಿಂದ ಆಯಿತೆಂದು ಒಳಗಿದ್ದವನೇ ನಿಂತು ಹೇಳುವ ಸಾಕ್ಷ್ಯ.

ಅಂದು ಅವನು ನೆನೆದವರನ್ನು ಗಮನಿಸಬೇಕು. ತಂಡದ ಒಡೆಯರು, ಇಬ್ಬರು ಮ್ಯಾನೇಜರುಗಳು, ಜೊತೆಗಾರರು ಇದ್ದರು, ಅದು ನಿರೀಕ್ಷಿತ. ಅವರೊಂದಿಗೆ ಮೈದಾನದ ನೆಲ ಹದಮಾಡುವ ಕೆಲಸಗಾರರೂ ಇದ್ದರು. ಬದ್ಧ ಎದುರಾಳಿ ಜೈಂಟ್ಸ್ ತಂಡ ಉಡುಗೊರೆ ಕಳಿಸಿದ್ದನ್ನು ಅವನು ಮರೆಯಲಿಲ್ಲ. ಮಗಳೊಡನೆ ಜಗಳವಾದಾಗ ಅಳಿಯನ ಪರ ನಿಲ್ಲುವ ಅತ್ತೆಯ ಮಾತು ಬಂತು, ಹೆಂಡತಿ ಎಲಿನೋರ್‌ಳ ಧೈರ್ಯದ ಮಾತು ಬಂತು, ಮಗನ ಓದಿಗಾಗಿ ಜೀವಮಾನವಿಡೀ ದುಡಿದ ತಂದೆತಾಯಿಯ ಮಾತು ಬಂತು. ತಾಯಿ ಕ್ರಿಸ್ಟಿನಾ ಜರ್ಮನಿಯಿಂದ ವಲಸೆ ಬಂದವಳು. ಹೆತ್ತ ನಾಲ್ವರಲ್ಲಿ ಉಳಿದದ್ದು ಇವನೊಬ್ಬನೇ. ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿಯೊಂದರಲ್ಲಿ ಅಡುಗೆ ಮಾಡಿದವಳ ಮಗ ಅದೇ ವಿಶ್ವವಿದ್ಯಾಲಯದಲ್ಲಿ ಓದಲು ಹೋದ. ದಾಖಲೆ ಪುಸ್ತಕದಲ್ಲಿ 2,130ರ ಎದುರು ಒಂದೇ ಹೆಸರಿದೆ. ಆ ಪುಸ್ತಕ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಹೇಳುವುದೂ ಇಲ್ಲ. ಅದು ಬಿಟ್ಟದ್ದನ್ನು ಗೆರಿಗ್ ತುಂಬಿಸಿದ.

ಅಭಿಮಾನಿಗಳ ವಿಷಯದಲ್ಲಿ ಮಾತ್ರ ಈ ವಾದ ಸಡಿಲವೆಂದು ಯಾರಾದರೂ ಹೇಳಬಹುದು. ಅವರು ಟಿಕೆಟಿಗೆ ದುಡ್ಡು ಕೊಟ್ಟು ಬಂದವರು. ಗೆದ್ದರೆ ಕೂಗು, ಸೋತರೆ ಬೈಗುಳ. ಹೀಗಿರುವಾಗ ಅವರಿಗೆ ಧನ್ಯವಾದ ಹೇಳುವುದು ಅಂಗಡಿಯವನು ಗಿರಾಕಿಗೆ ಕೈಮುಗಿದಂತೆ ಅಲ್ಲವೇ? ಬಹಳಷ್ಟು ಸಂದರ್ಭಗಳಲ್ಲಿ ಹೌದೆಂದೇ ಒಪ್ಪುತ್ತೇನೆ. ಆದರೆ 1939ರ ಮೇ 2ರಂದು ಡೆಟ್ರಾಯಿಟಿನಲ್ಲಿ ನಡೆದದ್ದಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಆ ಋತುವಿನ ಎಂಟು ಪಂದ್ಯಗಳಲ್ಲಿ ಗೆರಿಗ್‌ಗೆ ದಕ್ಕಿದ್ದು ನಾಲ್ಕೇ ಹಿಟ್. ತನ್ನಿಂದ ತಂಡಕ್ಕೆ ತೊಂದರೆಯೆಂದು ಅವನೇ ಮ್ಯಾನೇಜರ್ ಜೋ ಮೆಕಾರ್ಥಿಗೆ ಹೇಳಿ ಹೊರಗುಳಿದ. ಅದನ್ನು ಧ್ವನಿವರ್ಧಕದಲ್ಲಿ ಸಾರಿದಾಗ ಎದ್ದುನಿಂತು ಚಪ್ಪಾಳೆ ತಟ್ಟಿದವರು ಎದುರಾಳಿ ಊರಿನ ಪ್ರೇಕ್ಷಕರು. ಅವರು ಕೊಟ್ಟ ದುಡ್ಡಿಗೆ ಅವನು ಆ ದಿನ ಏನನ್ನೂ ಆಡಿ ತೋರಿಸಿರಲಿಲ್ಲ, ಅವರ ತಂಡಕ್ಕಾಗಿ ಎಂದೂ ಆಡಿರಲಿಲ್ಲ. ಕೊಳ್ಳುವ ಕೊಡುವ ವ್ಯವಹಾರ ಮುಗಿದ ಮೇಲೂ ಉಳಿದ ಆ ಪ್ರೀತಿಗೆ ಕೃತಜ್ಞತೆಯಲ್ಲದೆ ಬೇರೆ ಯಾವ ಉತ್ತರ ಸಾಧ್ಯ?

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಕೃತಜ್ಞತೆಯನ್ನು ಬಾಯಿ ಮುಚ್ಚಿಸಲು ಬಳಸುತ್ತಾರೆ. ಸೇಂಟ್ ಲೂಯಿಸ್ ತಂಡದ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್‌ನನ್ನು 1969ರಲ್ಲಿ ಅವನನ್ನು ಕೇಳದೆಯೇ ಫಿಲಡೆಲ್ಫಿಯಾಕ್ಕೆ ವರ್ಗಾಯಿಸಿದರು. ಮನಬಂದಂತೆ ಮಾರಿ ಕೊಳ್ಳುವ ಸ್ವತ್ತು ತಾನಲ್ಲವೆಂದು ಅವನು ಬೇಸ್‌ಬಾಲ್ ಕಮಿಷನರಿಗೆ ಪತ್ರ ಬರೆದ, ನ್ಯಾಯಾಲಯಕ್ಕೆ ಹೋದ, 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ವರ್ಷಕ್ಕೆ 90 ಸಾವಿರ ಡಾಲರ್ ಪಡೆಯುವವನಿಗೆ ಇನ್ನೇನು ಬೇಕು ಎಂದು ಮೂಗು ಮುರಿದವರಿದ್ದರು. ಅವರು ಕೇಳುತ್ತಿದ್ದದ್ದು ವಿಧೇಯತೆಯನ್ನು. ಸಾಕ್ಷ್ಯವನ್ನು ಒತ್ತಾಯದಿಂದ ಹೇಳಿಸಿದರೆ ಅದು ಸಾಕ್ಷ್ಯವಾಗಿ ಉಳಿಯುವುದಿಲ್ಲ, ಕೃತಜ್ಞತೆಯೂ ಹಾಗೆಯೇ. ಪಡೆದವನು ತಾನಾಗಿ ಹೇಳಿದರೆ ಮಾತ್ರ ಅದಕ್ಕೆ ಅರ್ಥ. ಫ್ಲಡ್ ಹೇಳಿದ್ದೂ ತನ್ನ ಬದುಕನ್ನು ಯಾರು ಹೇಗೆ ನಡೆಸಿದರೆಂಬ ಸತ್ಯವನ್ನೇ.

ಇದೇ ಅಳತೆಯಲ್ಲಿ ಗೆರಿಗ್‌ನ ಸಾಕ್ಷ್ಯವೂ ಅಪೂರ್ಣ, ಇದನ್ನು ಮುಚ್ಚಿಡಬಾರದು. ಅವನ ಕಾಲದಲ್ಲಿ ಮೇಜರ್ ಲೀಗ್ ಕಪ್ಪುಜನರಿಗೆ ಬಾಗಿಲು ಹಾಕಿತ್ತು. ಜಾಷ್ ಗಿಬ್ಸನ್‌ನಂಥ ಮಹಾನ್ ಹೊಡೆತಗಾರ ನೀಗ್ರೋ ಲೀಗುಗಳಲ್ಲೇ ಆಡಿ 1947ರ ಜನವರಿಯಲ್ಲಿ ತೀರಿಕೊಂಡ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಆ ಬಾಗಿಲು ತೆರೆದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಗೆರಿಗ್‌ನ ಅದೃಷ್ಟದಲ್ಲಿ ಬಿಳಿಯ ಚರ್ಮದ ಪಾಲೂ ಇತ್ತು, ಅಂದಿನ ಭಾಷಣದಲ್ಲಿ ಅದು ಬರಲಿಲ್ಲ. ಹಾಗೆಂದು ಅವನ ಮಾತು ಟೊಳ್ಳಾಗುವುದಿಲ್ಲ. ತನ್ನದು ಪೂರಾ ಸ್ವಂತ ಗಳಿಕೆಯೆನ್ನುವವನ ಜೊತೆ ಈ ಲೋಪವನ್ನು ಚರ್ಚಿಸಲೂ ಆಗದು. ಅದೃಷ್ಟವನ್ನು ಒಪ್ಪಿಕೊಂಡವನನ್ನು, ಆ ಅದೃಷ್ಟ ಯಾರಿಗೆ ಸಿಗಲಿಲ್ಲವೆಂದು ಕೇಳಬಹುದು. ಅಂಥ ಅದೃಷ್ಟ ಸಿಗದವರ ನಡುವೆಯೇ ಅವನ ಕೊನೆಯ ಕೆಲಸವೂ ಇತ್ತು: 1940ರ ಜನವರಿಯಲ್ಲಿ ಗೆರಿಗ್ ನ್ಯೂಯಾರ್ಕ್ ನಗರದ ಪೆರೋಲ್ ಕಮಿಷನರ್ ಆಗಿ ಸೇರಿದ. 1941ರ ಜೂನ್ 2ರಂದು ಸಾಯುವುದಕ್ಕೆ ಕೆಲವೇ ವಾರಗಳ ಮುಂಚಿನವರೆಗೂ, ಕೈಕಾಲು ಸೋಲುತ್ತಿದ್ದಾಗಲೂ, ಕೈದಿಗಳ ಕಡತಗಳನ್ನು ನೋಡುತ್ತ ಆ ಕೆಲಸದಲ್ಲೇ ಇದ್ದ.