ದಂಡಿಗೆಯಿಂದ ಪಿಟೀಲಿಗೆ ಬಂದ ವಚನ

ಗದಗ ಜಿಲ್ಲೆಯ ರೋಣ ಸೀಮೆಯ ಸವಡಿಯಂಥ ಊರುಗಳಲ್ಲಿ ವಚನ ಹಾಡಲು ಕೂತರೆ ನಡುವೆ ಹಾರ್ಮೋನಿಯಂ ಇರುವುದು ವಾಡಿಕೆ. 19ನೇ ಶತಮಾನದ ಪ್ಯಾರಿಸಿನಲ್ಲಿ ರೂಪುಗೊಂಡ ಈ ವಾದ್ಯವನ್ನು 12ನೇ ಶತಮಾನದ ಶರಣರು ಕಂಡವರಲ್ಲ. ಹಾಗಾದರೆ ವಾದ್ಯ ಬದಲಾದಾಗ ಭಕ್ತಿಯೂ ಬದಲಾಗುತ್ತದೆಯೇ?

ಬಸವಣ್ಣನವರ ಎರಡು ವಚನಗಳನ್ನು ಇಲ್ಲಿ ಜೊತೆಗಿಟ್ಟು ಓದಬೇಕು. ಒಂದರಲ್ಲಿ ಅವರು ತಾಳಮಾನದ ಲೆಕ್ಕ ತಮಗೆ ತಿಳಿಯದು, ಮನಸ್ಸು ಒಲಿದಂತೆ ಹಾಡುವೆ ಎನ್ನುತ್ತಾರೆ. ಇನ್ನೊಂದರಲ್ಲಿ ತಮ್ಮ ಮೈಯನ್ನೇ ದಂಡಿಗೆ, ತಲೆಯನ್ನೇ ಸೋರೆಬುರುಡೆ, ನರಗಳನ್ನೇ ತಂತಿ ಮಾಡಿ ನುಡಿಸು ಎಂದು ಕೂಡಲಸಂಗಮದೇವನನ್ನು ಬೇಡುತ್ತಾರೆ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ಎದುರು. ಆದರೆ ಅವರು ಬಿಟ್ಟುಕೊಟ್ಟದ್ದು ಪಾಂಡಿತ್ಯದ ಹಮ್ಮನ್ನು, ಸಂಗೀತವನ್ನಲ್ಲ. ನುಡಿಸುವವನು ದೇವರಾದ ಮೇಲೆ ವಾದ್ಯಕ್ಕೆ ಜಾತಿಯೆಲ್ಲಿ?

ಈ ಮಾತನ್ನು ಬಾಳಿ ತೋರಿಸಿದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಅದನ್ನು ಕಟ್ಟಿದ, ಹಾನಗಲ್ ಮಠದ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಕರ್ನಾಟಕ ಸಂಗೀತ ಕಲಿತು, ಆಮೇಲೆ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಕಲಿತರು. ವಚನಗಳಿಗೆ ರಾಗದ ದಾರಿ ತೆರೆದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಎರಡೂ ಪದ್ಧತಿಗಳಲ್ಲಿ ಹಾಡಿದರು, ಪಿಟೀಲು, ಹಾರ್ಮೋನಿಯಂ, ತಬಲಾ ಎಲ್ಲವನ್ನೂ ನುಡಿಸಿದರು. ಇಬ್ಬರಿಗೂ ಕಣ್ಣಿರಲಿಲ್ಲ. ಅಂಧ ಮಕ್ಕಳಿಗೂ ಬಡಮಕ್ಕಳಿಗೂ ಅಲ್ಲಿ ಅನ್ನದ ಜೊತೆ ಸ್ವರ ಸಿಕ್ಕಿತು. ಅಲ್ಲಿ ಕಲಿತ ಹಾಡು ಪೂಜೆಯೂ ಆಯಿತು, ಹೊಟ್ಟೆಪಾಡೂ ಆಯಿತು. ದಾಸೋಹ ಎಂದರೆ ಇದೇ ಅಲ್ಲವೇ!

ತೊಡಕು ಇರುವುದು ಬೇರೆ ಕಡೆ. ಹಾಡುವವರಿಲ್ಲದೆ ಬರೀ ಪಿಟೀಲಿನಲ್ಲಿ ವಚನ ನುಡಿಸಿದರೆ ಅದು ವಚನವೇ?

ಹೋಲಿಕೆಗೆ ಪದವಿಲ್ಲದ ಒಂದು ಸ್ತೋತ್ರವನ್ನು ನೋಡೋಣ. ಜರ್ಮನಿಯ ಯೂಲಿಯುಸ್ ಕ್ಲೆಂಗೆಲ್ ಎಂಬ ಚೆಲ್ಲೊ (ಪಿಟೀಲಿನ ಬಳಗದ ದೊಡ್ಡ ವಾದ್ಯ) ವಾದಕ 1920ರಲ್ಲಿ ಹನ್ನೆರಡು ಚೆಲ್ಲೊಗಳಿಗಾಗಿ ಒಂದು ಕೃತಿ ರಚಿಸಿದ. ಅದರ ಹೆಸರು ‘ಹಿಮ್ನುಸ್’, ಅಂದರೆ ಸ್ತೋತ್ರ. ಅದರಲ್ಲಿ ಒಂದು ಪದವೂ ಇಲ್ಲ. 1972ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್‌ನ ಚೆಲ್ಲೊ ವಾದಕರು ಇದೇ ಕೃತಿಗಾಗಿ ಒಂದುಗೂಡಿದರು. ಅದು ಹುಟ್ಟಿದ್ದೇ ತಂತಿಗಳಿಗಾಗಿ; ಮಾತಿಲ್ಲದೆಯೂ ಅದು ಪೂರ್ಣ. ವಚನ ಹಾಗಲ್ಲ. ಅದು ಪ್ರಶ್ನಿಸುತ್ತದೆ, ವಾದಿಸುತ್ತದೆ, ಉಳ್ಳವರನ್ನೂ ಡಾಂಭಿಕರನ್ನೂ ನಿಲ್ಲಿಸಿ ಕೇಳುತ್ತದೆ. ಮಾತು ಹೋದರೆ ಆ ಕೆಚ್ಚೂ ಹೋಗಿ ರಾಗವಷ್ಟೇ ಉಳಿಯುತ್ತದೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ (1910–1992) ವಚನ ಗಾಯನ ಈ ಸೀಮೆಯವರ ಎದೆಗೆ ಇಳಿದದ್ದು ರಾಗದ ಆಳ ಮತ್ತು ಮಾತಿನ ಅರ್ಥ ಎರಡೂ ಅವರಲ್ಲಿ ಕೂಡಿದ್ದರಿಂದ.

ವಚನ ಬಾಯಿಪಾಠವಾಗಿರುವ ಕೇಳುಗರಿಗೆ ಮಾತ್ರ ಪಿಟೀಲಿನ ಎಳೆಯ ಜೊತೆಗೇ ಪದಗಳೂ ಒಳಗಿನಿಂದ ಏಳುತ್ತವೆ. ಅವರ ಮಟ್ಟಿಗೆ ಅದು ಪೂರ್ತಿ ವಚನವೇ. ಆ ವಚನವನ್ನು ಇನ್ನೂ ಕೇಳದ ಮಕ್ಕಳಿಗೆ ಆ ಭಾಗ್ಯ ಇಲ್ಲ. ಹೀಗಾಗಿ ವಾದ್ಯದಲ್ಲಿ ವಚನ ನುಡಿಸುವವರು ಮೊದಲು ಅದನ್ನು ಸಭೆಗೆ ಒಮ್ಮೆ ಓದಿ ಹೇಳಬೇಕು, ಆಮೇಲೆ ತಂತಿಗೆ ಕಮಾನು ಹಚ್ಚಬೇಕು.