ಅರಿಶಿನ ವಾಪಸ್ ಬಂದಾಗ

ಜಪಾನಿನಲ್ಲಿ 1967ರಲ್ಲಿ ನಿಶ್ಚಿತಾರ್ಥಕ್ಕೆ ವಜ್ರದುಂಗುರ ಪಡೆಯುತ್ತಿದ್ದ ಹುಡುಗಿಯರು ನೂರಕ್ಕೆ 5 ಜನಾನೂ ಇರಲಿಲ್ಲ. ಆ ವರ್ಷ ಡಿ ಬೀರ್ಸ್ ಕಂಪನಿ ಅಲ್ಲಿ ಜಾಹೀರಾತು ಶುರು ಮಾಡ್ತು. ಪತ್ರಿಕೆಗಳ ತುಂಬ ಪಾಶ್ಚಾತ್ಯ ಉಡುಪು ತೊಟ್ಟ ಚೆಲುವೆಯರು, ಬೆರಳಲ್ಲಿ ವಜ್ರ. 1981ರ ಹೊತ್ತಿಗೆ ನೂರಕ್ಕೆ ಸುಮಾರು 60 ವಧುಗಳ ಕೈಯಲ್ಲಿ ಉಂಗುರ! ಬರೀ ಹದಿನಾಲ್ಕು ವರ್ಷ. ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿ ನಮ್ಮ ಸಾರಿಗೆ ಸೇರೋಕೆ ತಲೆಮಾರುಗಳೇ ಹಿಡಿದವು. ಬೆಳೆಯೋದು, ಒಣಗಿಸೋದು, ಹುರಿಯೋದು ಎಲ್ಲ ಕಲಿಯಬೇಕಿತ್ತಲ್ಲ. ಉಂಗುರಕ್ಕೆ ಅದೇನೂ ಬೇಡ. ನೋಡಿದರೆ ಸಾಕು, ದುಡ್ಡಿದ್ದರೆ ಸಾಕು.

‘ನಮ್ಮ ಸಂಸ್ಕೃತಿ ಹಾಳಾಯ್ತು’ ಅಂತ ಗೋಳಾಡೋಕೆ ಇದನ್ನ ಹೇಳ್ತಿಲ್ಲ. ಹೊರಗಿಂದ ಬಂದದ್ದೆಲ್ಲ ಬೇಡ ಅಂದ್ರೆ ಬೆಳಗಿನ ಕಾಫಿಯನ್ನೂ ಬಿಡಬೇಕಾಗುತ್ತೆ. ನನ್ನ ತಲೆ ತಿನ್ನೋದು ಬೇರೆ ಪ್ರಶ್ನೆ. ಒಂದು ಆಚರಣೆಯನ್ನು ತೋರಿಸೋರು ಒಬ್ಬರು, ಅದಕ್ಕೆ ದುಡ್ಡು ತೆರೋರು ಇನ್ನೊಬ್ಬರು ಆದಾಗ, ತೋರಿಸಿದವರಿಗೆ ಏನಾದ್ರೂ ಹೊಣೆ ಇದೆಯಾ?

ವರದಕ್ಷಿಣೆಯನ್ನೇ ತಗೊಳ್ಳಿ. ಕರ್ನಾಟಕದ ಎಷ್ಟೋ ಜಾತಿಗಳಲ್ಲಿ ಮೊದಲು ಇದ್ದದ್ದು ತೆರ, ಅಂದ್ರೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ಕೊಡಬೇಕು. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇವತ್ತಿನ ವರದಕ್ಷಿಣೆಯನ್ನು ‘ಪ್ರಾಚೀನ ಸಂಪ್ರದಾಯ’ ಅಂತ ಒಪ್ಪಲಿಲ್ಲ. ಬ್ರಿಟಿಷರ ಕಾಲದ ಇಂಗ್ಲಿಷ್ ಓದು, ಸಂಬಳದ ನೌಕರಿ, ನಗದು ವ್ಯವಹಾರ ಇವುಗಳ ಜೊತೆ ಬೆಳೆದದ್ದು ಅದು ಅಂತ ತೋರಿಸಿದರು. ಮೇಲಿನವರನ್ನು ನೋಡಿ ಕೆಳಗಿನವರು ಕಲಿತರು, ಪೇಟೆ ನೋಡಿ ಹಳ್ಳಿ ಕಲಿತಿತು. ಒಂದೆರಡು ತಲೆಮಾರಿನಲ್ಲಿ ದುಡ್ಡು ಹರಿಯುವ ದಿಕ್ಕೇ ತಿರುಗಿಹೋಯ್ತು. 1961ರಲ್ಲಿ ಕಾನೂನು ಬಂದರೂ ಅದು ವಾಪಸ್ ತಿರುಗಿಲ್ಲ.

ಈಗ ಹಲ್ದಿ ಕಾಲ. ನಮ್ಮ ಹಾಸನದ ಕಡೆ ಮದುವೆಗೆ ಮುಂಚೆ ಚಪ್ಪರದಡಿ ಹುಡುಗಿಗೆ ಎಣ್ಣೆ ಅರಿಶಿನ ಹಚ್ಚೋದು ಇದ್ದೇ ಇತ್ತು. ಹಚ್ಚೋರು ಮುತ್ತೈದೆಯರು, ಸೋಬಾನೆ ಹೇಳೋರು ಬೀದಿಯ ಅಜ್ಜಿಯರು, ಖರ್ಚು ಒಂದು ಬಟ್ಟಲು ಅರಿಶಿನ. ಅದೇ ಅರಿಶಿನ ಈಗ ಹಿಂದಿ ಸಿನಿಮಾ, ಸೀರಿಯಲ್, ರೀಲ್ಸ್ ಎಲ್ಲ ಸುತ್ತಾಡಿಕೊಂಡು, ಹೆಸರು ಬದಲಾಯಿಸಿಕೊಂಡು ವಾಪಸ್ ಬಂದಿದೆ. ಬರುವಾಗ ಬರಿಗೈಯಲ್ಲಿ ಬಂದಿಲ್ಲ. ಹಳದಿ ಬಟ್ಟೆ ಮನೆಮಂದಿಗೆಲ್ಲ, ಹಿಂದೆ ಚೆಂಡು ಹೂವಿನ ಗೋಡೆ, ಡ್ರೋನ್ ಹಾರಿಸೋ ಹುಡುಗ, ಡಿಜೆ. ಹೋದ ವರ್ಷ ನಮ್ಮ ನೆಂಟರ ಮನೆಯ ಮದುವೆಯಲ್ಲಿ ಈ ಒಂದು ಸಂಜೆಗೇ ಹುಡುಗಿಯ ಅಪ್ಪ ಒಂದು ಜೊತೆ ಹಸು ಮಾರಿದ್ದರು. ‘ಎಲ್ಲಾರೂ ಮಾಡ್ತಾರಲ್ಲಪ್ಪ’ ಅಂದ್ರು. ಯಾರು ಆ ಎಲ್ಲಾರೂ? ಮಗಳ ಮೊಬೈಲಿನಲ್ಲಿ ಇರೋರು. ಮೊದಲು ಮದುವೆ ಖರ್ಚಿಗೆ ಅಳತೆಗೋಲು ಪಕ್ಕದ ಮನೆ. ಅವರ ಗದ್ದೆ ಎಷ್ಟು, ಸಾಲ ಎಷ್ಟು ಊರಿಗೆಲ್ಲ ಗೊತ್ತು. ರೀಲ್‌ನಲ್ಲಿ ಸಾಲ ಕಾಣಲ್ಲ.

ಇಷ್ಟು ಹೇಳಿ ಬೈದುಬಿಡೋದು ಸುಲಭವಿತ್ತು, ಆದರೆ ಅದೇ ಸಂಜೆ ಇನ್ನೊಂದು ನಡೀತು. ಹುಡುಗಿಯ ಸೋದರತ್ತೆಗೆ ಗಂಡ ತೀರಿಹೋಗಿ ಹತ್ತು ವರ್ಷದ ಮೇಲಾಯ್ತು. ಹಳೇ ಶಾಸ್ತ್ರದಲ್ಲಿ ಅವರು ಅರಿಶಿನದ ಬಟ್ಟಲು ಮುಟ್ಟೋ ಹಾಗಿರಲಿಲ್ಲ, ಅಡುಗೆಮನೆಯಲ್ಲೇ ಏನೋ ಕೆಲಸ ಹಚ್ಚಿಕೊಂಡು ನಿಲ್ಲಬೇಕಿತ್ತು. ಹಲ್ದಿಗೆ ಆ ನಿಯಮವೇ ಇಲ್ಲ, ಯಾಕಂದ್ರೆ ಹುಡುಗಿಯರು ನೋಡಿದ ವಿಡಿಯೋದಲ್ಲಿ ಅದು ಇರಲಿಲ್ಲ. ‘ಅತ್ತೆ, ನೀವೂ ಬನ್ನಿ’ ಅಂತ ಕೈ ಹಿಡಿದು ಎಳಕೊಂಡು ಬಂದ್ರು. ಅಜ್ಜಿಯರು ಮುಖ ಮುಖ ನೋಡಿಕೊಂಡ್ರು, ಡಿಜೆ ಸದ್ದಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಅತ್ತೆ ಎರಡೂ ಕೆನ್ನೆಗೆ ಹಚ್ಚಿದರು. ಅರ್ಥ ಕಳಚಿಕೊಂಡು ಬಂದ ಆಚರಣೆ ಅಂತ ನಾವು ಆಡಿಕೊಳ್ತೀವಿ. ಆ ಕಳಚಿಹೋದದ್ದರಲ್ಲಿ ಈ ಅರ್ಥವೂ ಇತ್ತು, ಹೋದದ್ದು ಒಳ್ಳೇದೇ ಆಯ್ತು. ನಮ್ಮ ಸ್ವಂತ ಸುಧಾರಕರು ನೂರು ವರ್ಷ ಹೇಳಿದ್ದನ್ನು ಒಂದು ಕೆಟ್ಟ ಡಿಜೆ ಮಾಡಿಬಿಡ್ತು.

ಹಾಗಾದ್ರೆ ಲೆಕ್ಕ ಸರಿಹೋಯ್ತಾ? ನನಗೆ ಹಾಗನ್ನಿಸಲ್ಲ. ಅತ್ತೆಯನ್ನು ಕರೆಯೋಕೆ ಹಸು ಮಾರಬೇಕಿರಲಿಲ್ಲ.

ಕುವೆಂಪು ‘ಮಂತ್ರ ಮಾಂಗಲ್ಯ’ ಬರೆದರು, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಹಾಗೇ ಸರಳವಾಗಿ ಮಾಡಿಸಿದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಗಂಡು ಹೆಣ್ಣು ಓದಿ ಒಪ್ಪಿಕೊಳ್ಳುವ ಮಾತುಗಳಷ್ಟೇ. ಇವತ್ತಿಗೂ ಅಲ್ಲಲ್ಲಿ ಹಾಗೆ ಮದುವೆ ಆಗ್ತಾರೆ. ಆದರೆ ಪುಟ್ಟ ಪುಸ್ತಕದಲ್ಲಿ ಹರಡಿದ ಆ ವಿಚಾರ ಎಲ್ಲಿ, ಹಲ್ದಿ ಎಲ್ಲಿ! ಜನರಿಗೆ ಬುದ್ಧಿ ಇಲ್ಲ ಅಂತಲ್ಲ. ಆ ಮದುವೆಯಲ್ಲಿ ಕ್ಯಾಮೆರಾಕ್ಕೆ ಏನೂ ಸಿಗಲ್ಲ. ಅಲ್ಲಿರೋದು ಕೇಳಿಸಿಕೊಳ್ಳಬೇಕಾದ ಮಾತು. ಪಕ್ಕದ ತಮಿಳುನಾಡಿನಲ್ಲಿ ಪೆರಿಯಾರ್ ಅವರ ಸ್ವಾಭಿಮಾನ ಮದುವೆಗಳು ನೆಲೆ ಕಂಡದ್ದು ಪತ್ರಿಕೆ, ಭಾಷಣ, ಪಕ್ಷ ಎಲ್ಲ ಬೆನ್ನಿಗಿದ್ದದ್ದರಿಂದ. 1967ರಲ್ಲಿ ಅಣ್ಣಾದೊರೈ ಸರ್ಕಾರ ಕಾನೂನನ್ನೇ ತಂದಿತು. ಇಂಥದಕ್ಕೆ ಹಾಗೆ ಹೊತ್ತು ತಿರುಗೋರು ಬೇಕು. ಹಲ್ದಿಯನ್ನು ಹೊತ್ತು ತಿರುಗೋರು ಯಾರು ಅಂದ್ರೆ, ಸ್ಟೇಟಸ್ ಹಾಕೋ ನಾವೇ. ನಮ್ಮ ಒಂದು ತಿಂಗಳ ಸಂಬಳ ಊರಲ್ಲಿ ಒಂದು ವರ್ಷದ ಬೆಳೆ.

ಆಫೀಸಿನ ಗೆಳೆಯನೊಬ್ಬ ಈಚೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದ. ಎರಡು ಹಾರ, ಮೂರು ಸಾಕ್ಷಿ, ಆಮೇಲೆ ದೋಸೆ. ಆ ಫೋಟೋವನ್ನು ನಾನು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೂರು ದಿನ ಯಾರೂ ಮಾತಾಡಲಿಲ್ಲ. ನಾಲ್ಕನೇ ದಿನ ಹಸು ಮಾರಿದ ಮಾವ ನನಗೊಬ್ಬನಿಗೇ ಬೇರೆಯಾಗಿ ಮೆಸೇಜ್ ಹಾಕಿದ್ದರು. ಅವರಿಗೆ ಇನ್ನೊಬ್ಬ ಮಗಳಿದ್ದಾಳೆ.

‘ಅಲ್ಲಿ ಫೀಸು ಎಷ್ಟಂತಪ್ಪ?’