ಪಾಪವಿಲ್ಲದ ಹೊಣೆ: ದಕ್ಷಿಣ ಕ್ಯಾಲಿಫೋರ್ನಿಯಾದ ನೆಲ ಮತ್ತು ಅದೃಷ್ಟದ ಪ್ರಶ್ನೆ

ಭೂಮಿ ಏಕೆ ನಡುಗುತ್ತದೆ ಎಂಬ ಪ್ರಶ್ನೆಗೆ ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಭೂಕಂಪಲಕ್ಷಣಾಧ್ಯಾಯದಲ್ಲಿ ಒಂದೇ ಉತ್ತರ ಕೊಟ್ಟು ಮುಗಿಸದೆ, ತನಗಿಂತ ಹಿಂದಿನ ಆಚಾರ್ಯರ ನಾಲ್ಕು ಮತಗಳನ್ನು ಮೊದಲು ಮುಂದಿಡುತ್ತಾನೆ: ನೀರಿನೊಳಗೆ ವಾಸಿಸುವ ಮಹಾಪ್ರಾಣಿಯ ಹೊರಳಾಟ, ಭೂಭಾರದಿಂದ ದಣಿದ ದಿಗ್ಗಜಗಳ ವಿಶ್ರಾಂತಿ, ಗಾಳಿಗೆ ಗಾಳಿ ಬಡಿದು ನೆಲಕ್ಕೆರಗುವ ಆಘಾತ, ಮತ್ತು ಅದೃಷ್ಟ, ಎಂದರೆ ಜೀವಿಗಳ ಧರ್ಮಾಧರ್ಮಗಳಿಂದ ಸಂಚಯವಾಗಿ ಕಣ್ಣಿಗೆ ಬೀಳದೆ ಫಲ ಕೊಡುವ ಶಕ್ತಿ. ಮೊದಲ ಮೂರು ಇಂದಿನ ಓದುಗನಿಗೆ ಪುರಾಣದಂತೆ ಕಂಡರೂ ಸ್ವರೂಪದಲ್ಲಿ ಅವು ಭೌತಿಕ ಕಾರಣಗಳೇ. ಆನೆ ದಣಿದರೆ ನೆಲ ಅಲುಗುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ. ನಾಲ್ಕನೆಯದು ಮಾತ್ರ ನಡುಕಕ್ಕೂ ನಡುಕದಲ್ಲಿ ಸತ್ತವರಿಗೂ ನಡುವೆ ಒಂದು ನೈತಿಕ ಲೆಕ್ಕವನ್ನು ತೆರೆಯುತ್ತದೆ. ವೈಶೇಷಿಕ ಸೂತ್ರಗಳಲ್ಲಿ ಕಣಾದನು ಪೃಥ್ವಿಯಲ್ಲಿ ಕಾಣುವ ಚಲನೆಗೆ ನೂಕು, ಬಡಿತ, ಒಂದಕ್ಕೊಂದು ತಗುಲಿರುವಿಕೆ ಎಂಬ ಕಾರಣಗಳನ್ನು ಹೇಳಿ, ಅವುಗಳಿಂದ ವಿವರಿಸಲಾಗದ ವಿಶೇಷ ಚಲನೆಯನ್ನು ಅದೃಷ್ಟದ ಪಾಲಿಗೆ ಬಿಡುತ್ತಾನೆ. ವ್ಯಾಖ್ಯಾನಕಾರರು ಇದಕ್ಕೆ ಭೂಕಂಪವನ್ನೇ ಉದಾಹರಿಸುತ್ತಾರೆ. ಹೀಗೆ ಅದೃಷ್ಟವು ದರ್ಶನದಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಹೊತ್ತಿದೆ: ತಿಳಿಯದ ಕಾರಣಕ್ಕೆ ಪ್ರಾಮಾಣಿಕವಾಗಿ ಒಂದು ಸ್ಥಾನವನ್ನು ಕಾದಿರಿಸುವುದು ಒಂದು, ನೋವಿಗೆ ನ್ಯಾಯವನ್ನು ಕಲ್ಪಿಸುವುದು ಇನ್ನೊಂದು. ಈ ಎರಡನ್ನು ಬೇರ್ಪಡಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋವರೆಗಿನ ಕರಾವಳಿಯಲ್ಲಿ ಪರೀಕ್ಷಿಸಬಹುದು, ಏಕೆಂದರೆ ಅಲ್ಲಿ ದೇವರ ಹೆಸರೂ ಭೂವಿಜ್ಞಾನವೂ ಒಂದೇ ನೆಲದ ಮೇಲೆ ಪದೇ ಪದೇ ಎದುರಾಗಿವೆ.

ಲಾಸ್ ಏಂಜಲೀಸ್ ಬಯಲಿನ ಮೂಲನಿವಾಸಿಗಳಾದ ಟಾಂಗ್ವಾ ಜನರ ನಂಬಿಕೆಗಳನ್ನು 1852ರಲ್ಲಿ ಬರೆದಿಟ್ಟ ಹ್ಯೂಗೋ ರೀಡ್, ಏಳು ದೈತ್ಯರು ಲೋಕವನ್ನು ಹೆಗಲ ಮೇಲೆ ಹೊತ್ತಿದ್ದಾರೆಂದೂ ಅವರು ಮೈ ಕದಲಿಸಿದಾಗ ನೆಲ ನಡುಗುತ್ತದೆಂದೂ ದಾಖಲಿಸಿದ್ದಾನೆ. ಅಷ್ಟದಿಗ್ಗಜಗಳ ಕಥೆ ಬಲ್ಲವರಿಗೆ ಇದು ನೆಂಟಸ್ತಿಕೆಯ ಮಾತು. ಇಲ್ಲಿಯೂ ಶಿಕ್ಷೆಯ ಸುಳಿವಿಲ್ಲ. 1769ರ ಜುಲೈ 28ರಂದು ಪೋರ್ಟೋಲಾನ ಸ್ಪ್ಯಾನಿಷ್ ತಂಡವು ಸಾಂಟಾ ಆನಾ ನದಿಯ ದಡದಲ್ಲಿ ಬಿಡಾರ ಹೂಡಿದ್ದಾಗ ಬಲವಾದ ಕಂಪನವಾಯಿತು, ಜೊತೆಗಿದ್ದ ಕ್ರೆಸ್ಪಿ ಪಾದ್ರಿ ಆ ನದಿಗೆ ಕಂಪನಗಳ ಯೇಸುವಿನ ಹೆಸರಿಟ್ಟ. ಆ ಪ್ರದೇಶದ ಭೂಕಂಪಗಳ ಲಿಖಿತ ಇತಿಹಾಸ ಆರಂಭವಾಗುವುದು ಹೀಗೆ, ಒಂದು ನಾಮಕರಣದಿಂದ.

ನಾಮಕರಣದಿಂದ ಬಿಡಿಸಿಕೊಳ್ಳಲಾಗದ ಪ್ರಶ್ನೆ ಎದ್ದದ್ದು 1812ರ ಡಿಸೆಂಬರ್ 8ರಂದು. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋಗಳ ನಡುವೆ ಇರುವ ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊ ಮಿಷನ್‌ನಲ್ಲಿ ಅಂದು ಮೇರಿಮಾತೆಯ ಹಬ್ಬ. 1806ರಲ್ಲಿ ಪೂರ್ಣಗೊಂಡಿದ್ದ ಮಹಾಶಿಲಾ ಚರ್ಚಿನಲ್ಲಿ ಪೂಜೆ ನಡೆಯುತ್ತಿದ್ದಾಗಲೇ ನೆಲ ಅಲುಗಿ, ಗೋಪುರವೂ ಕಮಾನು ಛಾವಣಿಯೂ ಕುಸಿದು ಸುಮಾರು 40 ಮಂದಿ ಸತ್ತರು. ಸತ್ತವರು ದೀಕ್ಷೆ ಪಡೆದ ಮೂಲನಿವಾಸಿಗಳು, ಕಲ್ಲು ಹೊತ್ತು ಆ ಚರ್ಚನ್ನು ಕಟ್ಟಿದ ಸಮುದಾಯದವರು. ದೇವರ ಸನ್ನಿಧಿಯಲ್ಲಿ, ದೇವರ ಹಬ್ಬದ ದಿನ, ದೇವರನ್ನು ಸ್ತುತಿಸುತ್ತಿದ್ದವರೇ ಏಕೆ? 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗಿನಲ್ಲಿ ಲಿಸ್ಬನ್ ಕುಸಿದಾಗ ಯೂರೋಪಿನ ತತ್ತ್ವಜ್ಞರನ್ನು ಕಾಡಿದ ಪ್ರಶ್ನೆಯೂ ಇದೇ. ಕರ್ಮಸಿದ್ಧಾಂತದ ಉತ್ತರ ಸಿದ್ಧವಾಗಿಯೇ ಇದೆ: ಈಶ್ವರನಿಗೆ ಪಕ್ಷಪಾತವಾಗಲಿ ಕ್ರೌರ್ಯವಾಗಲಿ ಇಲ್ಲ, ಆತನು ಜೀವಿಗಳ ಕರ್ಮವನ್ನು ಅಪೇಕ್ಷಿಸಿಯೇ ಸೃಷ್ಟಿಸುತ್ತಾನೆ ಎಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಹೇಳುತ್ತದೆ. ತಾರ್ಕಿಕವಾಗಿ ಇದು ಬಿಗಿಯಾದ ಉತ್ತರ. ಆದರೆ ಕ್ಯಾಪಿಸ್ಟ್ರಾನೊದಲ್ಲಿ ಇನ್ನೊಂದು ಸಂಗತಿ ಇದೆ. ಅದೇ ಆವರಣದಲ್ಲಿ ಹಸಿ ಇಟ್ಟಿಗೆಯಿಂದ ಕಟ್ಟಿದ ಹಳೆಯ ಪುಟ್ಟ ಪ್ರಾರ್ಥನಾಲಯ ದುರಸ್ತಿಗಳನ್ನು ಕಂಡು ಇಂದಿಗೂ ಉಳಿದಿದೆ, ಮತ್ತು ಆ ಜನರ ಪೂರ್ವಿಕರು ವಾಸಿಸುತ್ತಿದ್ದ ಜೊಂಡಿನ ಗುಡಿಸಲು ಬಿದ್ದಿದ್ದರೆ ಒಬ್ಬರೂ ಸಾಯುತ್ತಿರಲಿಲ್ಲ. ಕೊಂದದ್ದು ಕಂಪನವೇ ಅಲ್ಲ, ಕಂಪನಕ್ಕೆ ಒಗ್ಗದ ಕಲ್ಲಿನ ಕಮಾನು. ಪೂರ್ವಜನ್ಮದ ಲೆಕ್ಕ ಯಾರಿಗೂ ಕಾಣದು. ಕಮಾನು ಎಲ್ಲರಿಗೂ ಕಾಣುತ್ತಿತ್ತು.

ದಂಡನೆಯ ವ್ಯಾಖ್ಯಾನ ವಿಜ್ಞಾನ ಬೆಳೆದೊಡನೆ ಮಾಯವಾಯಿತೆಂದು ಭಾವಿಸುವುದು ತಪ್ಪು. 1906ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನ ಅಝೂಸಾ ಬೀದಿಯಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆತಾಯಿಯ ಮಗನಾದ ವಿಲಿಯಂ ಸೀಮೋರ್‌ನ ನೇತೃತ್ವದಲ್ಲಿ ಪೆಂಟಕಾಸ್ಟಲ್ ಎಂಬ ಕ್ರೈಸ್ತ ಚಳವಳಿ ಹೊತ್ತಿಕೊಂಡಿತು. ಆ ಸಭೆಗಳ ಬಗ್ಗೆ ನಗರದ ಪತ್ರಿಕೆಯ ಮೊದಲ ವರದಿ ಅಚ್ಚಾದ ಏಪ್ರಿಲ್ 18ರ ಬೆಳಗ್ಗೆಯೇ ಉತ್ತರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನೆಲಕಚ್ಚಿತು. ಚಳವಳಿಯ ಫ್ರಾಂಕ್ ಬಾರ್ಟಲ್‌ಮನ್ ಭೂಕಂಪವನ್ನು ದೇವರ ಎಚ್ಚರಿಕೆಯೆಂದು ಸಾರುವ ಕರಪತ್ರವನ್ನು ಸಾವಿರಗಟ್ಟಲೆ ಹಂಚಿದ. ಇಪ್ಪತ್ತೆಂಟು ವರ್ಷಗಳ ನಂತರ, 1934ರ ಜನವರಿ 15ರ ಬಿಹಾರದ ಭೂಕಂಪವನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಗಾಂಧೀಜಿ ಹೇಳಿದಾಗ, ಭೌತಿಕ ಘಟನೆಗೆ ಭೌತಿಕ ಕಾರಣಗಳನ್ನೇ ಹುಡುಕಬೇಕೆಂದು ರವೀಂದ್ರನಾಥ ಠಾಕೂರರು ತೀಕ್ಷ್ಣವಾಗಿ ಆಕ್ಷೇಪಿಸಿದರು. ಆ ಆಕ್ಷೇಪವನ್ನು ಗಾಂಧೀಜಿ ತಮ್ಮದೇ ‘ಹರಿಜನ’ ಪತ್ರಿಕೆಯಲ್ಲಿ ಪ್ರಕಟಿಸಿದರು. ವಾದದಲ್ಲಿ ಗೆದ್ದವರು ಠಾಕೂರರೇ ಎಂಬುದರಲ್ಲಿ ಸಂಶಯ ಬೇಕಿಲ್ಲ. ಆದರೂ ಗಾಂಧೀಜಿಯ ಮಾತಿನಲ್ಲಿ ಒಂದು ವಿಶೇಷವಿತ್ತು, ಅದನ್ನು ಗಮನಿಸದೆ ಬಿಡಬಾರದು: ಅವರು ಪಾಪವನ್ನು ಸತ್ತವರ ತಲೆಗೆ ಕಟ್ಟಲಿಲ್ಲ, ಉಳಿದ ಎಲ್ಲರ ತಲೆಗೆ, ತಮ್ಮದೂ ಸೇರಿದಂತೆ, ಕಟ್ಟಿದರು. ಕಾರಣ ತಪ್ಪಾಗಿತ್ತು. ಹೊಣೆ ಬದುಕುಳಿದವರದೆಂಬ ಅರಿವು ತಪ್ಪಾಗಿರಲಿಲ್ಲ.

ವಿಜ್ಞಾನದ ಕಡೆ ತಿರುಗಿದರೆ, ಕಾರಣದ ಭಾಗ ಇಂದು ಬಹಳ ಮಟ್ಟಿಗೆ ಸ್ಪಷ್ಟ. ಭೂಮಿಯ ಹೊರಚಿಪ್ಪು ಹಲವು ಫಲಕಗಳಾಗಿ ಒಡೆದಿದ್ದು, ಪೆಸಿಫಿಕ್ ಫಲಕವು ಉತ್ತರ ಅಮೆರಿಕದ ಫಲಕವನ್ನು ಉಜ್ಜಿಕೊಂಡು ವಾಯವ್ಯಕ್ಕೆ ಸಾಗುತ್ತದೆ. ಅವುಗಳ ನಡುವಿನ ಮುಖ್ಯ ಸ್ತರಭಂಗ, ಎಂದರೆ ಬಂಡೆಗಳು ಬಿರಿದು ಪರಸ್ಪರ ಜಾರುವ ಸೀಳು, ಸ್ಯಾನ್ ಆಂಡ್ರಿಯಾಸ್. ದಕ್ಷಿಣ ಭಾಗದಲ್ಲಿ ಈ ಸೀಳು ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಚಲನೆಯನ್ನು ಹೊರಬೇಕಾದರೂ ಘರ್ಷಣೆಯಿಂದ ಕಚ್ಚಿಕೊಂಡಿರುವುದರಿಂದ ಒತ್ತಡ ಕೂಡುತ್ತ ಹೋಗಿ, ಒಂದು ದಿನ ಬಂಡೆ ಬಿಟ್ಟುಕೊಡುತ್ತದೆ. 1970ರ ದಶಕದಲ್ಲಿ ಕೆರಿ ಸೀ ಎಂಬ ಭೂವಿಜ್ಞಾನಿ ಲಾಸ್ ಏಂಜಲೀಸ್‌ನ ಈಶಾನ್ಯಕ್ಕಿರುವ ಪ್ಯಾಲೆಟ್ ಕ್ರೀಕ್‌ನಲ್ಲಿ ಸೀಳಿಗೆ ಅಡ್ಡಲಾಗಿ ಕಂದಕ ತೋಡಿ, ತುಂಡಾದ ಜವುಗು ಮಣ್ಣಿನ ಪದರಗಳ ಕಾಲವನ್ನು ಇಂಗಾಲದ ಪರೀಕ್ಷೆಯಿಂದ ನಿರ್ಣಯಿಸಿ, ಲಿಖಿತ ಇತಿಹಾಸಕ್ಕೂ ಹಿಂದಿನ ಭೂಕಂಪಗಳನ್ನು ಓದಿದನು. 1988ರಲ್ಲಿ ಸೀ ಸೇರಿದಂತೆ ಕೆಲವು ಸಂಶೋಧಕರು ರೈಟ್‌ವುಡ್ ಬಳಿಯ ಹಳೆಯ ಮರಗಳ ವಾರ್ಷಿಕ ಉಂಗುರಗಳು 1812ರ ನಂತರ ಒಮ್ಮೆಲೆ ಕುಗ್ಗಿರುವುದನ್ನು ಕಂಡು, ಕ್ಯಾಪಿಸ್ಟ್ರಾನೊದ ಚರ್ಚನ್ನು ಕೆಡವಿದ ಕಂಪನದ ಮೂಲ ಸ್ಯಾನ್ ಆಂಡ್ರಿಯಾಸ್ ಎಂದು ತೋರಿಸಿದರು. ಅದೇ ಸೀಳಿನಲ್ಲಿ ಮುಂದಿನ ಮಹಾಕಂಪ ಬಂದದ್ದು 1857ರಲ್ಲಿ, ಕೇವಲ 45 ವರ್ಷಗಳ ನಂತರ. ಆಮೇಲೆ ಆ ಭಾಗ ಒಂದೂವರೆ ಶತಮಾನಕ್ಕೂ ಮೀರಿ ಸುಮ್ಮನಿದೆ. ಒತ್ತಡ ಕೂಡುವುದು ಕ್ರಮಬದ್ಧ, ಬಿಡುಗಡೆ ಕ್ರಮವಿಲ್ಲದ್ದು. ಹೀಗಾಗಿ ಯಾವ ದಿನ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ, ಸಂಭಾವ್ಯತೆಯ ಭಾಷೆ ಬಂದಿತು: ಲಾಸ್ ಏಂಜಲೀಸ್ ಪ್ರದೇಶದಲ್ಲಿ 30 ವರ್ಷಗಳೊಳಗೆ 6.7 ಅಥವಾ ಹೆಚ್ಚಿನ ಪರಿಮಾಣದ ಕಂಪನಕ್ಕೆ ಶೇಕಡ 60ರಷ್ಟು ಸಾಧ್ಯತೆ ಎಂಬುದು 2015ರ ಹೊತ್ತಿಗೆ ಪ್ರಕಟವಾದ ಅಂದಾಜು. ಅದೃಷ್ಟದ ಎರಡು ಕೆಲಸಗಳಲ್ಲಿ ಮೊದಲನೆಯದನ್ನು, ತಿಳಿಯದುದಕ್ಕೆ ಸ್ಥಾನ ಕೊಡುವುದನ್ನು, ಈ ಶೇಕಡಾವಾರು ವಹಿಸಿಕೊಂಡಿದೆ. ಎರಡನೆಯದನ್ನು ಅದು ಮುಟ್ಟುವುದೇ ಇಲ್ಲ.

ಆ ಎರಡನೆಯದು ಹೋದದ್ದೆಲ್ಲಿಗೆ? ಬಹುಪಾಲು ಕಟ್ಟಡದ ನಿಯಮಗಳೊಳಕ್ಕೆ. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್ ಕಂಪಿಸಿದಾಗ ಅನೇಕ ಶಾಲೆಗಳು ಕುಸಿದವು, ಮಕ್ಕಳು ಮನೆಗೆ ಹೋಗಿದ್ದರು. ಇದನ್ನು ದೈವಕೃಪೆಯೆಂದು ನೆನೆಯಲು ಯಾರ ಅಡ್ಡಿಯೂ ಇರಲಿಲ್ಲ. ಆದರೆ ರಾಜ್ಯವು ಕೃಪೆ ಇನ್ನೊಮ್ಮೆ ಸಂಜೆಗೇ ಬರುವುದೆಂದು ನಂಬಿ ಕೂರದೆ ಒಂದೇ ತಿಂಗಳಲ್ಲಿ ಶಾಲಾ ಕಟ್ಟಡಗಳಿಗೆ ಫೀಲ್ಡ್ ಕಾಯಿದೆಯನ್ನು ತಂದಿತು. 1994ರ ಜನವರಿ 17ರ ನಸುಕಿನಲ್ಲಿ ನಾರ್ತ್‌ರಿಡ್ಜ್ ಕಂಪನವು, ನೆಲದ ಮೇಲೆ ಗುರುತೇ ಕಾಣದ ಹುದುಗಿದ ಸ್ತರಭಂಗದಿಂದ ಎದ್ದು ಬಂದಾಗ, ಒಂದೇ ಅಪಾರ್ಟ್‌ಮೆಂಟಿನಲ್ಲಿ 16 ಮಂದಿ ಸತ್ತರು; ಕೆಳಗೆ ವಾಹನ ನಿಲ್ಲಿಸಲು ಗೋಡೆಗಳಿಲ್ಲದೆ ಬಿಟ್ಟ ಜಾಗದ ದುರ್ಬಲತೆ ಮೇಲಿನ ಅಂತಸ್ತುಗಳನ್ನು ಕೆಳಗಿನವರ ಮೇಲೆ ಇಳಿಸಿತ್ತು. ಅಂಥ ಕಟ್ಟಡಗಳನ್ನು ಕಡ್ಡಾಯವಾಗಿ ಬಲಪಡಿಸಬೇಕೆಂದು ನಗರ ಆದೇಶಿಸಿದ್ದು 2015ರಲ್ಲಿ, ಇಪ್ಪತ್ತೊಂದು ವರ್ಷ ತಡವಾಗಿ. ಸ್ಯಾನ್ ಡಿಯಾಗೋ ತನ್ನನ್ನು ಬಹುಕಾಲ ಸುರಕ್ಷಿತವೆಂದೇ ಭಾವಿಸಿತ್ತು. ನಗರದ ನಡುವೆಯೇ ಹಾಯುವ ರೋಸ್ ಕ್ಯಾನಿಯನ್ ಸ್ತರಭಂಗ ಜೀವಂತವಾಗಿದೆಯೆಂಬುದನ್ನು ಅಲ್ಲಿನ ವಿಶ್ವವಿದ್ಯಾಲಯದವರು ಕಂದಕಗಳಿಂದಲೇ ತಿಳಿದರು. ಅದೇ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಯಲು ಕಂಪನವೇದಿಕೆಯ ಮೇಲೆ 2023ರಲ್ಲಿ ಹತ್ತು ಅಂತಸ್ತಿನ ಮರದ ಕಟ್ಟಡವನ್ನು ನಿಲ್ಲಿಸಿ, ನಾರ್ತ್‌ರಿಡ್ಜ್‌ನ ಅಲುಗಾಟವನ್ನು ಮತ್ತೆ ಅದಕ್ಕೆ ಕೊಟ್ಟು ನೋಡಲಾಯಿತು.

ಆದರೆ ನಿಯಮ ಮೀರಿದವನನ್ನು ಹುಡುಕುವುದು ಮತ್ತೆ ಪಾಪಿಯನ್ನು ಹುಡುಕಿದಂತೆಯೇ ಅಲ್ಲವೇ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಉತ್ತರ ಭೂಕಂಪಕ್ಕಿಂತ ಭೂಕುಸಿತದಲ್ಲಿ ಚೆನ್ನಾಗಿ ಸಿಗುತ್ತದೆ. ಲಾಸ್ ಏಂಜಲೀಸ್‌ನ ನೈರುತ್ಯದ ಪಾಲೋಸ್ ವರ್ಡೆಸ್ ಬೆಟ್ಟದಲ್ಲಿ, ಪುರಾತನ ಜ್ವಾಲಾಮುಖಿಯ ಬೂದಿ ಜೇಡಿಯಾಗಿ ಮಾರ್ಪಟ್ಟ ಬೆಂಟೊನೈಟ್ ಪದರಗಳು ಸಮುದ್ರದ ಕಡೆ ಇಳಿಜಾರಾಗಿ ಮಲಗಿವೆ; ನೀರು ತಾಗಿದರೆ ಅವು ಉಬ್ಬಿ ಜಾರುತ್ತವೆ. 1956ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಆಡಳಿತವು ರಸ್ತೆ ವಿಸ್ತರಿಸುತ್ತ ಮಣ್ಣನ್ನು ಹಳೆಯ ಕುಸಿತದ ನೆತ್ತಿಯ ಮೇಲೆ ಸುರಿದಾಗ ಪೋರ್ಚುಗೀಸ್ ಬೆಂಡ್‌ನ ಇಳಿಜಾರು ಕದಲಿ ಮನೆಗಳು ಹಾಳಾದವು. 1965ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ಕೌಂಟಿ ನಿರ್ಲಕ್ಷ್ಯ ತೋರಿರಲಿಲ್ಲ, ಕುಸಿತವನ್ನು ಮುಂಗಾಣುವುದೂ ಸಾಧ್ಯವಿರಲಿಲ್ಲ ಎಂದು ಒಪ್ಪಿಕೊಂಡೇ, ಪರಿಹಾರವನ್ನು ಕೌಂಟಿ ಕೊಡಬೇಕೆಂದಿತು. ಸಾರ್ವಜನಿಕ ಕಾಮಗಾರಿಯ ನಷ್ಟವನ್ನು ಕೆಲವೇ ಮನೆಯವರು ಹೊರುವುದು ನ್ಯಾಯವಲ್ಲ, ಎಲ್ಲರೂ ಹಂಚಿಕೊಳ್ಳಬೇಕೆಂಬುದು ಅದರ ತರ್ಕ. ತಪ್ಪಿಲ್ಲದಿದ್ದರೂ ಹೊಣೆ ಇದೆ ಎಂಬ ಈ ನಿಲುವು, ತತ್ತ್ವದ ದೃಷ್ಟಿಯಿಂದ, ಅಝೂಸಾ ಬೀದಿಯ ಕರಪತ್ರಕ್ಕಿಂತಲೂ ಬಿಹಾರದ ವಾದಕ್ಕಿಂತಲೂ ಹೊಸದು. ಕರ್ಮವಾದವೂ ದಂಡನೆಯ ದೇವತಾಶಾಸ್ತ್ರವೂ ಭಾರವನ್ನು ದೋಷಕ್ಕೆ ಕಟ್ಟಿಹಾಕಿದ್ದವು. ಇಲ್ಲಿ ಆ ಗಂಟು ಬಿಚ್ಚಿಕೊಂಡಿದೆ.

ಅದೇ ಜಾರುವ ಬೆಟ್ಟದಲ್ಲಿ ಲಾಯ್ಡ್ ರೈಟ್ ವಿನ್ಯಾಸಗೊಳಿಸಿ 1951ರಲ್ಲಿ ತೆರೆದ ಗಾಜಿನ ವೇಫೇರರ್ಸ್ ಚಾಪೆಲ್ ಇತ್ತು. ಅದು ಸ್ವೀಡನ್ನಿನ ಅನುಭಾವಿ ಇಮ್ಯಾನ್ಯುಯೆಲ್ ಸ್ವೀಡನ್‌ಬೋರ್ಗ್‌ನ ಅನುಯಾಯಿಗಳ ಚರ್ಚು. ಆತನು ದರ್ಶನಗಳನ್ನು ಕಾಣುವ ಮುಂಚೆ ತನ್ನ ದೇಶದ ಗಣಿ ಮಂಡಳಿಯಲ್ಲಿ ಅಧಿಕಾರಿಯಾಗಿ ಬಂಡೆ ಖನಿಜಗಳನ್ನು ಅಭ್ಯಸಿಸಿದವನು, ಆನಂತರ ಬೈಬಲ್ಲಿನ ಭೂಕಂಪಗಳು ಧರ್ಮಸಭೆಯ ಸ್ಥಿತ್ಯಂತರದ ಸಂಕೇತವೆಂದು ಬರೆದವನು. ಆತನನ್ನು 1766ರಲ್ಲಿ ಲೇವಡಿ ಮಾಡಿದ ಜರ್ಮನ್ ತತ್ತ್ವಜ್ಞ ಕಾಂಟ್, ಅದಕ್ಕೆ ಹತ್ತು ವರ್ಷ ಮುಂಚೆ ಲಿಸ್ಬನ್ ಕುರಿತು ಮೂರು ಲೇಖನಗಳಲ್ಲಿ ಭೂಕಂಪಕ್ಕೆ ನೆಲದಡಿಯ ಗುಹೆಗಳಲ್ಲಿ ಹೊತ್ತಿಕೊಳ್ಳುವ ಅನಿಲಗಳನ್ನು ಕಾರಣವಾಗಿಸಿದ್ದ, ಮತ್ತು ಅದನ್ನು ಶಿಕ್ಷೆಯೆಂದು ಓದದೆ ಮನುಷ್ಯ ನಿಸರ್ಗಕ್ಕೆ ಹೊಂದಿಕೊಂಡು ಕಟ್ಟಬೇಕೆಂದಿದ್ದ. ಕಾಂಟನ ಭೌತವಿಜ್ಞಾನ ಪೂರ್ತಿ ತಪ್ಪು, ನೀತಿ ಸರಿ. 2023 ಮತ್ತು 2024ರ ಭಾರಿ ಮಳೆಯ ನಂತರ ಬೆಟ್ಟದ ಚಲನೆ ಕೆಲವೆಡೆ ವಾರಕ್ಕೆ ಸುಮಾರು 30 ಸೆಂಟಿಮೀಟರಿಗೆ ಏರಿ, ಗಾಜುಗಳು ಸೀಳಿ, 2024ರ ಫೆಬ್ರುವರಿಯಲ್ಲಿ ಚಾಪೆಲ್ ಮುಚ್ಚಿತು. ಬೇಸಿಗೆಯಲ್ಲಿ ಅದರ ತೊಲೆ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ಬೇರೆಡೆ ಮತ್ತೆ ಕಟ್ಟುವ ಉದ್ದೇಶದಿಂದ ಜೋಪಾನ ಮಾಡಲಾಯಿತು.

ಈ ಬಾರಿ ಹೊಣೆ ಯಾರದೆಂದು ಹೇಳುವುದು 1965ರಷ್ಟು ಸುಲಭವಲ್ಲ. ಮಳೆಯ ನೀರು, ಹಳೆಯ ರಸ್ತೆಯ ಮಣ್ಣು, ಸಮುದ್ರದ ಕೊರೆತ, ಮನೆಮನೆಯ ಶೌಚಗುಂಡಿಗಳಿಂದಲೂ ತೋಟಗಳಿಂದಲೂ ದಶಕಗಳ ಕಾಲ ಇಂಗಿದ ನೀರು, ಇವೆಲ್ಲ ಜೇಡಿಯ ಪದರದಲ್ಲಿ ಬೆರೆತುಹೋಗಿವೆ. ಯಾರ ಪಾಲೆಷ್ಟೆಂದು ಬಿಡಿಸಿ ಹೇಳುವ ವಿಧಾನ ಭೂವಿಜ್ಞಾನದಲ್ಲಿಲ್ಲ. ಇದೇ ಬೆಟ್ಟದ ಅಬಲೋನಿ ಕೋವ್‌ನ ನಿವಾಸಿಗಳು 1979ರ ಒಂದು ರಾಜ್ಯ ಕಾಯಿದೆಯ ಅಡಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲೇ ಮೊದಲನೆಯದಾಗಿ, ಕುಸಿತ ತಡೆಯುವ ಮಂಡಳಿಯೊಂದನ್ನು ಕಟ್ಟಿಕೊಂಡಿದ್ದರು. ಯಾರ ಗುಂಡಿಯಿಂದ ಎಷ್ಟು ನೀರು ಇಳಿಯಿತೆಂದು ತೀರ್ಮಾನವಾಗುವವರೆಗೆ ಕಾಯದೆ, ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು, ಕೊಳವೆಬಾವಿಗಳಿಂದ ಅವರು ಆ ನೀರನ್ನು ಮೇಲೆತ್ತುತ್ತ ಬಂದಿದ್ದಾರೆ.